54,288 ಮತಗಳ ಅಂತರದಲ್ಲಿ ಉಳಿದ ದೇಶ

1995ರ ಅಕ್ಟೋಬರ್ 30, ಸೋಮವಾರ. ಕೆನಡಾದ ಕ್ಯೂಬೆಕ್ ಪ್ರಾಂತ್ಯದಲ್ಲಿ ಮತದಾನ ಮುಗಿದು ಎಣಿಕೆ ನಡೆಯುತ್ತಿತ್ತು. ಪಕ್ಷ, ಅಭ್ಯರ್ಥಿ, ಚಿಹ್ನೆ ಯಾವುದೂ ಇಲ್ಲದ ಚುನಾವಣೆ ಅದು. ಟಿ.ವಿ. ಪರದೆಯ ಮೇಲೆ ಎರಡೇ ಅಂಕಿ: 'ಹೌದು' ಇಷ್ಟು, 'ಇಲ್ಲ' ಇಷ್ಟು. ಕ್ಯೂಬೆಕ್ ಸಾರ್ವಭೌಮ ದೇಶವಾಗಬೇಕೇ ಎಂಬುದು ಪ್ರಶ್ನೆ. ಪೂರ್ವದ ಕಡಲಂಚಿನ ಊರುಗಳ ಮತ ಮೊದಲು ಬಂತು, 'ಹೌದು' ಮುಂದಿತ್ತು. ಬೇರೆ ಬೇರೆ ಕ್ಷೇತ್ರಗಳ ಲೆಕ್ಕ ಸೇರಿದ ಹಾಗೆ ಅಂತರ ಇಳಿಯುತ್ತಾ ಹೋಯಿತು. ಮಾಂಟ್ರಿಯಲ್ ನಗರದ ಮತಗಳು ಬಂದಾಗ ಲೆಕ್ಕ ತಿರುವುಮುರುವಾಯಿತು.

ಕೊನೆಯ ಲೆಕ್ಕ ಹೀಗಿತ್ತು. 'ಇಲ್ಲ' ಎಂದವರು 23,62,648. 'ಹೌದು' ಎಂದವರು 23,08,360. ಶೇಕಡಾವಾರು ಹೇಳುವುದಾದರೆ 50.58 ಮತ್ತು 49.42. ಅಂತರ 54,288. 'ಇಲ್ಲ' ಎಂದವರ ಪೈಕಿ 27,145 ಜನ ಮತಗಟ್ಟೆಯಲ್ಲಿ ಮನಸ್ಸು ಬದಲಿಸಿದ್ದರೂ ಉತ್ತರ ಅಮೆರಿಕದ ಭೂಪಟ ಇವತ್ತು ಬೇರೆಯೇ ಇರುತ್ತಿತ್ತೇನೋ. ಮತ ಹಾಕಿದವರು ಶೇ 93.52. ತಿರಸ್ಕೃತ ಮತಗಳೇ 86 ಸಾವಿರ ದಾಟಿದ್ದವು, ಅಂದರೆ ಗೆಲುವಿನ ಅಂತರಕ್ಕಿಂತ ಹೆಚ್ಚು. ಮಾಂಟ್ರಿಯಲ್ ಪಕ್ಕದ ಶೋಮ್‌ಡೇ ಎಂಬ ಒಂದೇ ಕ್ಷೇತ್ರದಲ್ಲಿ ಶೇ 11ಕ್ಕಿಂತ ಹೆಚ್ಚು ಮತಪತ್ರಗಳು ತಿರಸ್ಕೃತವಾಗಿ, ಅದರ ಬಗ್ಗೆ ವರ್ಷಗಟ್ಟಲೆ ತಕರಾರು ನಡೆಯಿತು. ಇಷ್ಟಾದರೂ ಆ ರಾತ್ರಿ ಯಾರೂ ಫಲಿತಾಂಶವನ್ನು ಒಪ್ಪುವುದಿಲ್ಲ ಎಂದು ಬಂದೂಕು ಹಿಡಿಯಲಿಲ್ಲ.

ಕೆನಡಾ ಎಂದರೆ ನಮ್ಮಲ್ಲಿ ಬಹಳ ಜನಕ್ಕೆ ಹಿಮ, ವೀಸಾ, ಮಕ್ಕಳ ಎಂ.ಎಸ್., ಪಿ.ಆರ್. ಕಾರ್ಡು. ಶಾಂತವಾದ, ಸಿರಿವಂತವಾದ, ಸುದ್ದಿಯಾಗದ ದೇಶ ಎಂಬ ಭಾವನೆ. ಆದರೆ ಕಳೆದ ಅರವತ್ತು ವರ್ಷಗಳಲ್ಲಿ ಆ ದೇಶ ಎರಡು ಬಾರಿ ಒಡೆಯುವ ಪ್ರಶ್ನೆಯನ್ನು ಮತಪೆಟ್ಟಿಗೆಯ ಮುಂದೆ ಇಟ್ಟಿದೆ. 'ನಾವು ಒಟ್ಟಿಗೆ ಇರಬೇಕೇ' ಎಂದು ಬಹಿರಂಗವಾಗಿ ಕೇಳಿಕೊಂಡು, ಉತ್ತರವನ್ನು ಎಣಿಸಿ, ಎಣಿಕೆಗೆ ತಲೆಬಾಗಿದ ದೇಶಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಇದು ದೊಡ್ಡ ಸಾಧನೆ ಎಂದೇ ನನ್ನ ನಂಬಿಕೆ. ಆದರೆ ಆ ನೆಲದಲ್ಲಿ ಎಲ್ಲರಿಗಿಂತ ಮೊದಲಿದ್ದವರನ್ನು ಮಾತ್ರ ಕೊನೆಯವರೆಗೂ ಯಾರೂ ಕೇಳಲಿಲ್ಲ. ಅವರು ತಾವಾಗಿಯೇ ಎದ್ದು ನಿಂತು ಉತ್ತರ ಕೊಟ್ಟರು. ಅದನ್ನು ಬಿಟ್ಟು ಕೆನಡಾದ ಏಕತೆಯ ಕಥೆ ಹೇಳಿದರೆ ಅದು ಅರ್ಧ ಕಥೆ.

ಕ್ಯೂಬೆಕ್‌ನ ಅಸಮಾಧಾನದ ಬೇರು ಹಳೆಯದು. 1759ರಲ್ಲಿ ಬ್ರಿಟಿಷರು ಕ್ಯೂಬೆಕ್ ನಗರವನ್ನು ಗೆದ್ದರು. ಅಲ್ಲಿ ನೆಲೆಸಿದ್ದ ಫ್ರೆಂಚ್ ರೈತರು ಧರ್ಮ, ಭಾಷೆ ಉಳಿಸಿಕೊಂಡು ಚರ್ಚಿನ ನೆರಳಲ್ಲಿ ಬದುಕಿದರು. 1867ರಲ್ಲಿ ಒಕ್ಕೂಟ ಹುಟ್ಟಿದಾಗ ಕ್ಯೂಬೆಕ್ ಅದರ ನಾಲ್ಕು ಸ್ಥಾಪಕ ಪ್ರಾಂತ್ಯಗಳಲ್ಲಿ ಒಂದು. ಆದರೆ ಇಪ್ಪತ್ತನೇ ಶತಮಾನದ ನಡುವಿಗೆ ಬರುವಷ್ಟರಲ್ಲಿ, ಶೇ 80ರಷ್ಟು ಜನ ಫ್ರೆಂಚ್ ಮಾತನಾಡುವ ಪ್ರಾಂತ್ಯದಲ್ಲಿ ಬ್ಯಾಂಕು, ಕಾರ್ಖಾನೆ, ಗಣಿ, ದೊಡ್ಡ ಕಂಪನಿಗಳ ಮೇಲ್ಪಂಕ್ತಿಯೆಲ್ಲ ಇಂಗ್ಲಿಷ್‌ಮಯವಾಗಿತ್ತು. 1963ರಲ್ಲಿ ನೇಮಕವಾದ ದ್ವಿಭಾಷಾ ಆಯೋಗ ಲೆಕ್ಕ ಹಾಕಿ ನೋಡಿದಾಗ, ಕ್ಯೂಬೆಕ್‌ನಲ್ಲಿ ಫ್ರೆಂಚ್ ಮೂಲದವರ ಆದಾಯ ಬಹುತೇಕ ವಲಸಿಗ ಸಮುದಾಯಗಳಿಗಿಂತಲೂ ಕೆಳಗೆ, ಪಟ್ಟಿಯ ತಳದ ಹತ್ತಿರವಿತ್ತು. ಸ್ವಂತ ನೆಲದಲ್ಲೇ ಬಡ್ತಿ ಬೇಕಾದರೆ ಬೇರೆ ಭಾಷೆಯಲ್ಲಿ ಮಾತನಾಡಬೇಕು ಎಂಬ ನೋವು ಏನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1959ರಲ್ಲಿ ಮಾರಿಸ್ ಡುಪ್ಲೆಸಿ ತೀರಿಕೊಂಡರು. ಚರ್ಚಿನ ಜೊತೆ ಕೈಜೋಡಿಸಿ ದೀರ್ಘಕಾಲ ಪ್ರಾಂತ್ಯವನ್ನು ಬಿಗಿಹಿಡಿದಿದ್ದ ಮುಖ್ಯಮಂತ್ರಿ ಅವರು. ಅಲ್ಲಿ ಆ ಹುದ್ದೆಗೆ ಪ್ರೀಮಿಯರ್ ಎನ್ನುತ್ತಾರೆ. ಮರುವರ್ಷ ಜಾನ್ ಲೆಸಾಜ್ ನೇತೃತ್ವದ ಲಿಬರಲ್ ಪಕ್ಷ ಗೆದ್ದಿತು. ಮುಂದಿನ ಆರು ವರ್ಷಗಳಲ್ಲಿ ಆದದ್ದನ್ನು 'ಮೌನ ಕ್ರಾಂತಿ' ಎಂದು ಕರೆಯುತ್ತಾರೆ. ಶಾಲೆ, ಆಸ್ಪತ್ರೆಗಳು ಚರ್ಚಿನಿಂದ ಸರ್ಕಾರದ ಕೈಗೆ ಬಂದವು. 'ನಮ್ಮ ಮನೆಗೆ ನಾವೇ ಯಜಮಾನರು' ಎಂಬ ಘೋಷಣೆಯ ಮೇಲೆ 1962ರ ಚುನಾವಣೆ ನಡೆದು, ಖಾಸಗಿ ವಿದ್ಯುತ್ ಕಂಪನಿಗಳು ರಾಷ್ಟ್ರೀಕರಣಗೊಂಡು ಹೈಡ್ರೊ-ಕ್ಯೂಬೆಕ್ ದೈತ್ಯ ಸಂಸ್ಥೆಯಾಗಿ ಬೆಳೆಯಿತು. ಫ್ರೆಂಚ್‌ನಲ್ಲೇ ಓದಿದ ಎಂಜಿನಿಯರ್ ಫ್ರೆಂಚ್‌ನಲ್ಲೇ ಅಣೆಕಟ್ಟು ಕಟ್ಟಬಹುದು ಎಂಬ ಆತ್ಮವಿಶ್ವಾಸ ಅಲ್ಲಿಂದ ಬಂತು. ರಾಷ್ಟ್ರೀಕರಣದ ಹಿಂದಿದ್ದ ಸಚಿವರು ರೆನೆ ಲೆವೆಕ್, ಹಿಂದೆ ಟಿ.ವಿ. ಪತ್ರಕರ್ತರಾಗಿದ್ದವರು. 1968ರಲ್ಲಿ ಅವರೇ ಸ್ವತಂತ್ರ ಕ್ಯೂಬೆಕ್ ಬೇಡುವ ಪಾರ್ಟಿ ಕ್ಯೂಬೆಕ್ವಾ ಕಟ್ಟಿದರು.

ಅದೇ ವರ್ಷ ಕೆನಡಾದ ಪ್ರಧಾನಿಯಾದವರು ಪಿಯೆರ್ ಟ್ರೂಡೊ. ಅವರೂ ಮಾಂಟ್ರಿಯಲ್‌ನವರೇ. ಕ್ಯೂಬೆಕ್‌ನ ಗಡಿಯೊಳಗೆ ಮಾತ್ರವಲ್ಲ, ಇಡೀ ಕೆನಡಾದಲ್ಲಿ ಫ್ರೆಂಚ್ ಸಮಾನವಾಗಬೇಕು ಎಂಬುದು ಅವರ ಪಟ್ಟು. 1969ರ ಅಧಿಕೃತ ಭಾಷಾ ಕಾಯ್ದೆ ಬಂದದ್ದು ಹಾಗೆ. ಕೆನಡಾದ ಸಂಸತ್ತಿನಲ್ಲಿ ಭಾಷಣಗಳ ಏಕಕಾಲದ ಅನುವಾದ ಶುರುವಾದದ್ದೇ 1959ರಲ್ಲಿ. ಅಲ್ಲಿಯವರೆಗೆ ಫ್ರೆಂಚ್ ಸದಸ್ಯರ ಮಾತು ಸದನದ ಬಹುಪಾಲು ಜನರ ಕಿವಿಗೆ ಬಿದ್ದೂ ಅರ್ಥವಾಗುತ್ತಿರಲಿಲ್ಲ. ಇದೇ ಹೌಸ್ ಆಫ್ ಕಾಮನ್ಸ್‌ನಲ್ಲಿ 2022ರ ಮೇ ತಿಂಗಳಲ್ಲಿ ಸಿರಾ ತಾಲ್ಲೂಕಿನ ಮೂಲದ ಸಂಸದ ಚಂದ್ರ ಆರ್ಯ ಕನ್ನಡದಲ್ಲಿ ಮಾತನಾಡಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಸದನದಲ್ಲಿ ಇಂಗ್ಲಿಷ್ ಅಲ್ಲದ ಮಾತಿಗೆ ಜಾಗ ಮಾಡಿಕೊಟ್ಟದ್ದು ಫ್ರೆಂಚರ ದೀರ್ಘ ಜಗಳ ಎಂಬುದು ನೆನಪಿರಲಿ.

ಈ ಚರಿತ್ರೆಯಲ್ಲಿ ರಕ್ತವೇ ಹರಿಯಲಿಲ್ಲ ಎನ್ನಲಾಗದು. 1970ರ ಅಕ್ಟೋಬರ್‌ನಲ್ಲಿ ಎಫ್‌ಎಲ್‌ಕ್ಯೂ ಎಂಬ ಉಗ್ರ ಗುಂಪು ಬ್ರಿಟಿಷ್ ರಾಜತಾಂತ್ರಿಕ ಜೇಮ್ಸ್ ಕ್ರಾಸ್ ಅವರನ್ನೂ ಪ್ರಾಂತ್ಯದ ಸಚಿವ ಪಿಯೆರ್ ಲಪೋರ್ಟ್ ಅವರನ್ನೂ ಅಪಹರಿಸಿತು. ಎಲ್ಲಿಯವರೆಗೆ ಹೋಗುತ್ತೀರಿ ಎಂದು ಸಂಸತ್ತಿನ ಮೆಟ್ಟಿಲ ಮೇಲೆ ಪತ್ರಕರ್ತರೊಬ್ಬರು ಕೇಳಿದಾಗ ಟ್ರೂಡೊ 'ನೋಡ್ತಾ ಇರಿ' ಎಂದರು. ಮೂರೇ ದಿನದಲ್ಲಿ ಯುದ್ಧಕಾಲದ ಕಾನೂನು ಜಾರಿಯಾಯಿತು. ವಾರಂಟ್ ಇಲ್ಲದೆ 497 ಜನರನ್ನು ಹಿಡಿದು ಒಳಗೆ ಹಾಕಿದರು. ಕವಿಗಳು, ಗಾಯಕರು, ಕಾರ್ಮಿಕ ನಾಯಕರು ಅದರಲ್ಲಿದ್ದರು. ಬಹುಪಾಲು ಜನರ ಮೇಲೆ ಯಾವ ಆರೋಪವನ್ನೂ ಹೊರಿಸಲಾಗಲಿಲ್ಲ. ಲಪೋರ್ಟ್ ಅವರ ಶವ ಕಾರಿನ ಡಿಕ್ಕಿಯಲ್ಲಿ ಸಿಕ್ಕಿತು. ಕ್ರಾಸ್ ಡಿಸೆಂಬರ್‌ನಲ್ಲಿ ಜೀವಂತವಾಗಿ ಬಿಡುಗಡೆಯಾದರು. ಸಂಸತ್ತಿನಲ್ಲಿ ಆ ಕಾನೂನಿನ ವಿರುದ್ಧ ಬಿದ್ದದ್ದು 16 ಮತ ಮಾತ್ರ. ಎಡಪಂಥೀಯ ಟಾಮಿ ಡಗ್ಲಸ್ ಅವತ್ತು ಜನಪ್ರಿಯತೆ ಕಳೆದುಕೊಂಡು ನಾಗರಿಕ ಹಕ್ಕಿನ ಪರ ನಿಂತರು. ಚರಿತ್ರೆ ಅವರ ಕಡೆಗಿದೆ ಎಂದು ನಾನು ತಿಳಿದಿದ್ದೇನೆ. ಆ ಕೊಲೆಯ ನಂತರ ಬಂದೂಕಿನ ದಾರಿಗೆ ಕ್ಯೂಬೆಕ್‌ನಲ್ಲಿ ಜನಬೆಂಬಲ ಸಿಗಲಿಲ್ಲ. ಲೆವೆಕ್ ಮೊದಲಿನಿಂದಲೂ ಆ ದಾರಿಯನ್ನು ಖಂಡಿಸಿದ್ದವರು.

ಅವರ ಪಕ್ಷ 1976ರ ನವೆಂಬರ್‌ನಲ್ಲಿ ಚುನಾವಣೆ ಗೆದ್ದು ಅಧಿಕಾರಕ್ಕೆ ಬಂತು. ಮರುವರ್ಷ ಬಂದ ಫ್ರೆಂಚ್ ಭಾಷಾ ಶಾಸನ, ಜನರ ಬಾಯಲ್ಲಿ 'ಮಸೂದೆ 101', ಪ್ರಾಂತ್ಯದ ಮುಖವನ್ನೇ ಬದಲಿಸಿತು. ಅಂಗಡಿ ಫಲಕ ಫ್ರೆಂಚ್‌ನಲ್ಲಿರಬೇಕು, ವಲಸಿಗರ ಮಕ್ಕಳು ಫ್ರೆಂಚ್ ಶಾಲೆಗೆ ಹೋಗಬೇಕು, ದೊಡ್ಡ ಕಂಪನಿಗಳ ಕೆಲಸದ ಭಾಷೆ ಫ್ರೆಂಚ್ ಆಗಬೇಕು. ಹಲವು ಇಂಗ್ಲಿಷ್ ಕಂಪನಿಗಳು ಟೊರಾಂಟೊಗೆ ಹೋದವು. ಮಾಂಟ್ರಿಯಲ್ ದೇಶದ ಆರ್ಥಿಕ ರಾಜಧಾನಿಯ ಪಟ್ಟ ಕಳೆದುಕೊಂಡಿತು. ಆದರೆ ವಲಸಿಗರ ಮುಂದಿನ ತಲೆಮಾರು ಫ್ರೆಂಚ್ ಮಾತನಾಡಿಕೊಂಡೇ ಬೆಳೆಯಿತು. 1980ರ ಮೇ 20ರಂದು ನಡೆದ ಮೊದಲ ಜನಮತಗಣನೆಯಲ್ಲಿ ಶೇ 59.56 ಜನ 'ಇಲ್ಲ' ಎಂದರು. ಸೋತ ರಾತ್ರಿ ಲೆವೆಕ್ ಕಣ್ಣೀರಿಡುತ್ತಿದ್ದ ಬೆಂಬಲಿಗರ ಮುಂದೆ ನಿಂತು, ಮುಂದಿನ ಸಲ ನೋಡೋಣ ಎಂಬರ್ಥದ ಮಾತು ಹೇಳಿ ಮನೆಗೆ ಕಳಿಸಿದರು.

ಇಲ್ಲಿಂದ ಮುಂದಿನದು ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಅತಿ ಮುಖ್ಯ ಘಟ್ಟ. ಕೆನಡಾ 1931ರಿಂದಲೇ ಬಹುತೇಕ ಸ್ವತಂತ್ರ. ಆದರೂ ಅದರ ಸಂವಿಧಾನ ಲಂಡನ್ನಿನ ಸಂಸತ್ತು ಮಾಡಿದ ಒಂದು ಕಾಯ್ದೆ. ಮುಖ್ಯ ತಿದ್ದುಪಡಿ ಬೇಕಾದರೆ ಲಂಡನ್ನಿಗೇ ಹೋಗಬೇಕು. ತಿದ್ದುಪಡಿಯ ವಿಧಾನ ಯಾವುದಿರಬೇಕು ಎಂದು ಪ್ರಾಂತ್ಯಗಳಲ್ಲಿ ಒಮ್ಮತ ಮೂಡದೆ ಅರ್ಧ ಶತಮಾನ ಹಾಗೆಯೇ ಕಳೆಯಿತು. ಸಂವಿಧಾನವನ್ನು ಊರಿಗೆ ತಂದು, ಹಕ್ಕುಗಳ ಸನ್ನದನ್ನೂ ಸೇರಿಸುತ್ತೇನೆ ಎಂದು ಟ್ರೂಡೊ ಹೊರಟರು. ಹತ್ತು ಪ್ರಾಂತ್ಯಗಳಲ್ಲಿ ಎಂಟು ಅಡ್ಡ ನಿಂತವು. ಕ್ಯೂಬೆಕ್ ಆ ಎಂಟರಲ್ಲಿ ಒಂದು.

1981ರ ನವೆಂಬರ್ ಮೊದಲ ವಾರ ಒಟ್ಟಾವಾದ ಹಳೆಯ ರೈಲು ನಿಲ್ದಾಣದ ಕಟ್ಟಡದಲ್ಲಿ ಪ್ರಧಾನಿ ಮತ್ತು ಹತ್ತು ಪ್ರೀಮಿಯರ್‌ಗಳ ಸಭೆ. 4ನೇ ತಾರೀಖು ಹಕ್ಕುಗಳ ಸನ್ನದನ್ನು ಜನಮತಗಣನೆಗೆ ಹಾಕೋಣವೇ ಎಂದು ಟ್ರೂಡೊ ಒಂದು ದಾಳ ಎಸೆದರು. ಲೆವೆಕ್ ಒಪ್ಪಿಬಿಟ್ಟರು. ತಮ್ಮನ್ನು ಕೇಳದೆ ಒಪ್ಪಿದರೆಂದು ಉಳಿದ ಏಳು ಪ್ರೀಮಿಯರ್‌ಗಳು ಮುನಿದರು, ಎಂಟರ ಕೂಟ ಬಿರುಕುಬಿಟ್ಟಿತು. ಅವತ್ತು ಅದೇ ಕಟ್ಟಡದ ಬಳಕೆಯಲ್ಲಿಲ್ಲದ ಅಡುಗೆಕೋಣೆಯೊಂದರಲ್ಲಿ ಮೂವರು ನಿಂತು ಮಾತನಾಡಿದರು: ಕೇಂದ್ರದ ಕಾನೂನು ಸಚಿವ ಜಾನ್ ಕ್ರೆಟಿಯೆನ್, ಸಸ್ಕಾಚುವಾನ್‌ನ ರಾಯ್ ರೊಮಾನೊ, ಒಂಟಾರಿಯೊದ ರಾಯ್ ಮೆಕ್‌ಮರ್ಟ್ರಿ. ಒಪ್ಪಂದದ ಅಂಶಗಳನ್ನು ನೋಟ್‌ಪ್ಯಾಡಿನ ಹಾಳೆಯ ಮೇಲೆ ಗೀಚಿಕೊಂಡರು. ಸನ್ನದು ಇರಲಿ, ಆದರೆ ಅದರ ಕೆಲವು ಹಕ್ಕುಗಳನ್ನು ಪ್ರಾಂತ್ಯಗಳು ಐದೈದು ವರ್ಷಕ್ಕೆ ಬದಿಗಿಡಬಹುದೆಂಬ ಕಲಂ ಒಂದನ್ನು ಸೇರಿಸೋಣ ಎಂಬುದು ಕೊಡುಕೊಳ್ಳುವಿಕೆಯ ತಿರುಳು. ರಾತ್ರಿಯಿಡೀ ಹೋಟೆಲ್ ಕೋಣೆಗಳಲ್ಲಿ ಮಾತುಕತೆ ನಡೆಯಿತು. ಲೆವೆಕ್ ನದಿಯಾಚೆ, ಕ್ಯೂಬೆಕ್ ದಡದ ಹಲ್ ಊರಿನಲ್ಲಿ ಮಲಗಿದ್ದರು. ಅವರಿಗೆ ಯಾರೂ ಫೋನ್ ಮಾಡಲಿಲ್ಲ. ಬೆಳಿಗ್ಗೆ ಉಪಾಹಾರಕ್ಕೆ ಬಂದಾಗ ಒಪ್ಪಂದ ಆಗಿಹೋಗಿತ್ತು, ಒಂಬತ್ತು ಪ್ರಾಂತ್ಯಗಳು ಒಂದು ಕಡೆ ಇದ್ದವು. ಕ್ಯೂಬೆಕ್‌ನಲ್ಲಿ ಇವತ್ತಿಗೂ ಅದನ್ನು 'ಉದ್ದ ಚೂರಿಗಳ ರಾತ್ರಿ' ಎನ್ನುತ್ತಾರೆ.

ಟ್ರೂಡೊ ಅವರ ಸಮರ್ಥಕರ ವಾದ ನನಗೆ ಗೊತ್ತಿದೆ. ದೇಶ ಒಡೆಯಲು ಹೊರಟ ಪಕ್ಷ ಯಾವ ಒಪ್ಪಂದಕ್ಕೂ ಸಹಿ ಹಾಕುತ್ತಿರಲಿಲ್ಲ ಎನ್ನುತ್ತಾರೆ. ಇರಬಹುದು. ಆದರೂ ಒಂದು ಫೋನ್ ಮಾಡಬೇಕಿತ್ತು. 1982ರ ಏಪ್ರಿಲ್ 17ರಂದು ಒಟ್ಟಾವಾದಲ್ಲಿ ರಾಣಿ ಎಲಿಜಬೆತ್ ಊರಿಗೆ ತಂದ ಸಂವಿಧಾನಕ್ಕೆ ಸಹಿ ಹಾಕುವಾಗ ಮಳೆ ಬಂತು. ಮೂಲ ಪ್ರತಿಯ ಮೇಲೆ ಹನಿ ಬಿದ್ದು ಶಾಯಿ ಹರಡಿದ ಕಲೆ ಈಗಲೂ ಕಾಣುತ್ತದೆ. ಕ್ಯೂಬೆಕ್ ಆ ಸಮಾರಂಭಕ್ಕೆ ಬರಲಿಲ್ಲ, ಮಾಂಟ್ರಿಯಲ್‌ನಲ್ಲಿ ಪ್ರತಿಭಟನಾ ಮೆರವಣಿಗೆ ನಡೆಯಿತು.

ಅಡುಗೆಕೋಣೆಯ ಒಪ್ಪಂದದಿಂದ ಹೊರಗುಳಿದವರು ಇನ್ನೂ ಇದ್ದರು. ಮೂಲನಿವಾಸಿಗಳ ಹಕ್ಕನ್ನು ಮಾನ್ಯ ಮಾಡುವ ಕಲಂ ಕರಡಿನಲ್ಲಿ ಇತ್ತು. ಅದು ಸುಮ್ಮನೆ ಬಂದದ್ದಲ್ಲ. 1980ರ ನವೆಂಬರ್‌ನಲ್ಲಿ ಜಾರ್ಜ್ ಮ್ಯಾನುಯೆಲ್ ಅವರ ನಾಯಕತ್ವದಲ್ಲಿ ಬ್ರಿಟಿಷ್ ಕೊಲಂಬಿಯಾದ ನೂರಾರು ಜನ, ಮುದುಕರು ಮಕ್ಕಳಾದಿಯಾಗಿ, ವ್ಯಾಂಕೂವರ್‌ನಲ್ಲಿ ರೈಲು ಹತ್ತಿ ಖಂಡದ ಉದ್ದಕ್ಕೂ ಪಯಣಿಸಿ ಒಟ್ಟಾವಾ ಮುಟ್ಟಿದ್ದರು. 'ಸಂವಿಧಾನ ಎಕ್ಸ್‌ಪ್ರೆಸ್' ಎಂದು ಅದಕ್ಕೆ ಹೆಸರು. ನವೆಂಬರ್ 5ರ ಒಪ್ಪಂದದಲ್ಲಿ ಆ ಕಲಮನ್ನೇ ಕೈಬಿಟ್ಟರು. ದೇಶದಾದ್ಯಂತ ಗದ್ದಲವೆದ್ದ ಮೇಲೆ ಅದು ವಾಪಸ್ ಬಂತು, 35ನೇ ಕಲಮಾಗಿ. ಆಮೇಲೆ ಕೆನಡಾದ ಮೂಲನಿವಾಸಿಗಳು ನ್ಯಾಯಾಲಯಗಳಲ್ಲಿ ಗೆದ್ದ ದೊಡ್ಡ ದೊಡ್ಡ ತೀರ್ಪುಗಳಲ್ಲಿ ಬಹುಪಾಲು ಅದರ ಮೇಲೆಯೇ ನಿಂತಿವೆ.

ಕ್ಯೂಬೆಕ್‌ನ ಸಹಿ ಪಡೆಯಲು ಮುಂದೆ ಪ್ರಧಾನಿಯಾದ ಬ್ರಯಾನ್ ಮಲ್ರೋನಿ ಹೊರಟರು. 1987ರಲ್ಲಿ ಮೀಚ್ ಲೇಕ್ ಎಂಬಲ್ಲಿ ಹತ್ತೂ ಪ್ರಾಂತ್ಯಗಳು ಒಪ್ಪಿದವು. ಕ್ಯೂಬೆಕ್ ಒಂದು 'ವಿಶಿಷ್ಟ ಸಮಾಜ' ಎಂದು ಸಂವಿಧಾನದಲ್ಲಿ ಬರೆಯುವುದು ಅದರ ಜೀವಾಳ. ಎಲ್ಲ ಶಾಸನಸಭೆಗಳೂ 1990ರ ಜೂನ್ 23ರೊಳಗೆ ಅನುಮೋದಿಸಬೇಕಿತ್ತು. ಕೊನೆಗೆ ಮ್ಯಾನಿಟೋಬಾ, ನ್ಯೂಫೌಂಡ್‌ಲ್ಯಾಂಡ್ ಬಾಕಿ ಉಳಿದವು. ಸಮಯ ಇರಲಿಲ್ಲ. ಮ್ಯಾನಿಟೋಬಾದಲ್ಲಿ ಸಾರ್ವಜನಿಕ ಅಹವಾಲು ಕೇಳುವ ನಿಯಮವನ್ನು ಬಿಟ್ಟು ಮಂಡಿಸಬೇಕಾದರೆ ಸದನದ ಪ್ರತಿಯೊಬ್ಬ ಸದಸ್ಯನೂ ಒಪ್ಪಬೇಕು.

ಎಲೈಜಾ ಹಾರ್ಪರ್ ಒಪ್ಪಲಿಲ್ಲ. ರೆಡ್ ಸಕರ್ ಲೇಕ್ ಎಂಬ ಉತ್ತರದ ಹಳ್ಳಿಯ ಒಜಿ-ಕ್ರೀ ಸಮುದಾಯದವರು, ಬಾಲ್ಯದಲ್ಲಿ ಮನೆಯಿಂದ ಬಿಡಿಸಿ ವಸತಿ ಶಾಲೆಗೆ ಹಾಕಲ್ಪಟ್ಟವರು. ಅವರು ಹುಟ್ಟಿದ 1949ರಲ್ಲಿ ಅವರ ಜನಕ್ಕೆ, ತಮ್ಮ ಮೂಲನಿವಾಸಿ ಸ್ಥಾನಮಾನ ಬಿಟ್ಟುಕೊಡದೆ, ಕೆನಡಾದ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿರಲಿಲ್ಲ. ಅದು ಬಂದದ್ದು 1960ರಲ್ಲಿ. ಜೂನ್ 12ರಂದು ಸ್ಪೀಕರ್ ಸದನದ ಸಮ್ಮತಿ ಕೇಳಿದರು. ಹಾರ್ಪರ್ ಎದ್ದು ಬೇಡವೆಂದರು. ಕೈಯಲ್ಲಿ ಅಣ್ಣತಮ್ಮಂದಿರಲ್ಲಿ ಒಬ್ಬರು ತಂದುಕೊಟ್ಟ ಹದ್ದಿನ ಗರಿ. ಮತ್ತೆ ಕೇಳಿದರು, ಮತ್ತೆ ಬೇಡವೆಂದರು. ಗಡುವು ಮುಗಿಯುವವರೆಗೆ ಹೀಗೇ ನಡೆಯಿತು. ಭಾಷಣವಿಲ್ಲ, ಕೂಗಾಟವಿಲ್ಲ, ಸದನದ ನಿಯಮ ಪುಸ್ತಕವೊಂದೇ ಅವರ ಆಯುಧ. ಹೊರಗೆ ವಿನ್ನಿಪೆಗ್‌ನ ಶಾಸನಸಭೆಯ ಹುಲ್ಲುಹಾಸಿನ ಮೇಲೆ ಸಾವಿರಾರು ಮೂಲನಿವಾಸಿಗಳು ನೆರೆದಿದ್ದರು. ಈ ಒಪ್ಪಂದ ಕೆನಡಾಕ್ಕೆ ಎರಡೇ ಮೂಲ ಜನಾಂಗ ಎಂಬಂತಿದೆ, ಇಂಗ್ಲಿಷರು ಮತ್ತು ಫ್ರೆಂಚರು. ಹಾಗಾದರೆ ನಾವು ಯಾರು ಎಂಬುದು ಅವರ ಪ್ರಶ್ನೆ. ಮೀಚ್ ಲೇಕ್ ಸತ್ತುಹೋಯಿತು.

ಕ್ಯೂಬೆಕ್‌ಗೆ ಕಂಡದ್ದು ಬೇರೆ. ಇಂಗ್ಲಿಷ್ ಕೆನಡಾ ತಮ್ಮನ್ನು ಮತ್ತೆ ತಿರಸ್ಕರಿಸಿತು ಎಂದುಕೊಂಡರು. ಮಲ್ರೋನಿ ಅವರ ಸಂಪುಟ ಬಿಟ್ಟ ಲೂಸಿಯೆನ್ ಬೂಶಾರ್ ಒಟ್ಟಾವಾದಲ್ಲೇ ಪ್ರತ್ಯೇಕತಾವಾದಿ ಪಕ್ಷ ಕಟ್ಟಿದರು. 1992ರಲ್ಲಿ ಇನ್ನೊಂದು ಒಪ್ಪಂದವನ್ನು ದೇಶವೇ ಜನಮತಗಣನೆಯಲ್ಲಿ ತಳ್ಳಿಹಾಕಿತು. 1993ರ ಚುನಾವಣೆಯಲ್ಲಿ ಆಳುವ ಪಕ್ಷ ಎರಡೇ ಸ್ಥಾನಕ್ಕೆ ಕುಸಿದು, ದೇಶ ಒಡೆಯಬೇಕೆನ್ನುವ ಬೂಶಾರ್ ಪಕ್ಷ 54 ಸ್ಥಾನ ಗೆದ್ದು ಅಧಿಕೃತ ವಿರೋಧ ಪಕ್ಷವಾಯಿತು. 1994ರ ಕೊನೆಯಲ್ಲಿ ಮಾಂಸ ಕೊರೆಯುವ ಸೋಂಕಿಗೆ ತುತ್ತಾಗಿ ಬೂಶಾರ್ ಒಂದು ಕಾಲು ಕಳೆದುಕೊಂಡರು. ಮರುವರ್ಷ ಊರುಗೋಲೂರಿ ಪ್ರಚಾರಕ್ಕಿಳಿದಾಗ ಜನ ಅವರ ಹಿಂದೆ ಹರಿದರು. ಸೋಲಲಿದೆ ಎಂದುಕೊಂಡಿದ್ದ 'ಹೌದು' ಪಾಳಯ ಒಮ್ಮೆಲೇ ಚಿಗುರಿತು. ಪ್ರಧಾನಿ ಯಾರು ಗೊತ್ತೇ? ಅಡುಗೆಕೋಣೆಯ ಕ್ರೆಟಿಯೆನ್. ಮತದಾನಕ್ಕೆ ಮೂರು ದಿನ ಮೊದಲು ದೇಶದ ಮೂಲೆಮೂಲೆಯಿಂದ ವಿಮಾನ, ಬಸ್ಸು ಹತ್ತಿ ಬಂದ ಜನ ಮಾಂಟ್ರಿಯಲ್‌ನಲ್ಲಿ ನೆರೆದು, ದೈತ್ಯಾಕಾರದ ಮೇಪಲ್ ಎಲೆಯ ಬಾವುಟವನ್ನು ತಲೆಯ ಮೇಲೆ ಕೈಯಿಂದ ಕೈಗೆ ದಾಟಿಸಿದರು.

ಅದೇ ವಾರದ ಇನ್ನೊಂದು ಮತದಾನಕ್ಕೆ ಅಷ್ಟು ಕ್ಯಾಮೆರಾ ಇರಲಿಲ್ಲ. ಅಕ್ಟೋಬರ್ 24ರಂದು ಉತ್ತರ ಕ್ಯೂಬೆಕ್‌ನ ಜೇಮ್ಸ್ ಬೇ ಕ್ರೀ ಜನ ತಮ್ಮದೇ ಜನಮತಗಣನೆ ನಡೆಸಿದರು. ನಮ್ಮನ್ನೂ ನಮ್ಮ ನೆಲವನ್ನೂ ನಮ್ಮ ಒಪ್ಪಿಗೆಯಿಲ್ಲದೆ ಕೆನಡಾದಿಂದ ಬೇರ್ಪಡಿಸಬಹುದೇ ಎಂಬ ಪ್ರಶ್ನೆಗೆ ಶೇ 96.3 ಜನ ಇಲ್ಲ ಎಂದರು. ಇನ್ಯೂಟ್ ಜನ ಎರಡು ದಿನದ ನಂತರ ಹೆಚ್ಚುಕಡಿಮೆ ಅದೇ ಉತ್ತರ ಕೊಟ್ಟರು. ಇವರ ನೆಲ ಕ್ಯೂಬೆಕ್‌ನ ವಿಸ್ತೀರ್ಣದ ಬಹುಭಾಗ. ಹೈಡ್ರೊ-ಕ್ಯೂಬೆಕ್‌ನ ಅತಿ ದೊಡ್ಡ ಅಣೆಕಟ್ಟು ಯೋಜನೆ ಇರುವುದು ಅಲ್ಲೇ. 1971ರಲ್ಲಿ ಆ ಯೋಜನೆ ಘೋಷಿಸುವಾಗ ಕ್ರೀ ಜನರಿಗೆ ತಿಳಿಸುವ ಸೌಜನ್ಯವೂ ಸರ್ಕಾರಕ್ಕೆ ಇರಲಿಲ್ಲ. 1973ರಲ್ಲಿ ನ್ಯಾಯಾಧೀಶ ಆಲ್ಬರ್ಟ್ ಮಾಲೂಫ್ ಕಾಮಗಾರಿ ನಿಲ್ಲಿಸಲು ಆದೇಶ ಕೊಟ್ಟರು. ವಾರದೊಳಗೆ ಮೇಲಿನ ಕೋರ್ಟು ಅದನ್ನು ತಡೆಹಿಡಿಯಿತು. ಕ್ಯೂಬೆಕ್ ಕೆನಡಾದಿಂದ ಬೇರಾಗಬಹುದಾದರೆ ನಾವು ಕ್ಯೂಬೆಕ್‌ನಿಂದ ಏಕೆ ಬೇರಾಗಬಾರದು ಎಂದು ಗ್ರ್ಯಾಂಡ್ ಚೀಫ್ ಮ್ಯಾಥ್ಯೂ ಕೂನ್ ಕಮ್ ಕೇಳಿದರು. ಇದಕ್ಕೆ ಪ್ರತ್ಯೇಕತಾವಾದಿಗಳ ಬಳಿ ಸರಿಯಾದ ಉತ್ತರ ಇರಲಿಲ್ಲ, ಇವತ್ತಿಗೂ ಇಲ್ಲ.

ಸೋತ ರಾತ್ರಿ ಪ್ರೀಮಿಯರ್ ಜಾಕ್ ಪಾರಿಜೊ ವೇದಿಕೆಯ ಮೇಲೆ ನಿಂತು, ನಮ್ಮನ್ನು ಸೋಲಿಸಿದ್ದು ಹಣ ಮತ್ತು ಅನ್ಯ ಜನಾಂಗಗಳ ಮತ ಎಂದುಬಿಟ್ಟರು. ಮರುದಿನವೇ ರಾಜೀನಾಮೆ ಘೋಷಿಸಿದರು. ತಮ್ಮದೇ ಭಾಷೆ ಕಲಿತು, ತಮ್ಮ ಶಾಲೆಗೇ ಮಕ್ಕಳನ್ನು ಕಳಿಸಿದ ವಲಸಿಗರನ್ನು ಹೊರಗಿನವರೆಂದು ಬೆರಳು ತೋರಿಸಿದ ಆ ಒಂದು ಮಾತು, ಮೂರು ದಶಕ ಕಟ್ಟಿದ ಚಳವಳಿಗೆ ಎದುರಾಳಿಗಳೂ ಮಾಡಲಾಗದಷ್ಟು ಹಾನಿ ಮಾಡಿತು.

ಒಕ್ಕೂಟ ಸರ್ಕಾರ ನಂತರ ಸುಪ್ರೀಂ ಕೋರ್ಟಿನ ಮೊರೆ ಹೋಯಿತು. 1998ರ ಆಗಸ್ಟ್ 20ರಂದು ಬಂದ ಸರ್ವಾನುಮತದ ಅಭಿಪ್ರಾಯ ನಾನು ಓದಿರುವ ನ್ಯಾಯಾಲಯದ ಬರಹಗಳಲ್ಲಿ ಅತ್ಯಂತ ಪ್ರೌಢವಾದುದು. ಕ್ಯೂಬೆಕ್ ಏಕಪಕ್ಷೀಯವಾಗಿ ಹೊರಹೋಗಲಾರದು ಎಂದಿತು ಕೋರ್ಟು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದ ಕೆನಡಾ ಕಿವಿಮುಚ್ಚಿ ಕೂರುವಂತಿಲ್ಲ, ಮಾತುಕತೆಗೆ ಕೂರಲೇಬೇಕು ಎಂದೂ ಹೇಳಿತು. ಒಕ್ಕೂಟ ವ್ಯವಸ್ಥೆ, ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ, ಅಲ್ಪಸಂಖ್ಯಾತರ ರಕ್ಷಣೆ, ಈ ನಾಲ್ಕರಲ್ಲಿ ಒಂದು ಇನ್ನೊಂದನ್ನು ನುಂಗಬಾರದು ಎಂಬುದು ಅದರ ತರ್ಕ. ಎರಡೂ ಕಡೆಯವರು ತಾವೇ ಗೆದ್ದೆವೆಂದರು. 2000ದಲ್ಲಿ ಅದೇ ಆಧಾರದ ಮೇಲೆ ಕೇಂದ್ರ ಸ್ಪಷ್ಟತಾ ಕಾಯ್ದೆ ತಂದಿತು. 2006ರಲ್ಲಿ ಅಖಂಡ ಕೆನಡಾದೊಳಗೆ ಕ್ಯೂಬೆಕ್‌ನವರು ಒಂದು ರಾಷ್ಟ್ರ ಎಂದು ಹೌಸ್ ಆಫ್ ಕಾಮನ್ಸ್ ನಿರ್ಣಯ ಮಾಡಿತು. ಈಗ ಎಣ್ಣೆ ಸಂಪತ್ತಿನ ಆಲ್ಬರ್ಟಾದಲ್ಲೂ ಪ್ರತ್ಯೇಕತೆಯ ಕೂಗು ಕೇಳುತ್ತಿದೆ. ಈ ನೆಲದ ಬಗ್ಗೆ ಬ್ರಿಟಿಷ್ ರಾಜಮನೆತನದ ಜೊತೆ ಒಪ್ಪಂದ ಮಾಡಿಕೊಂಡವರು ನಾವು, ನಮ್ಮನ್ನು ಬಿಟ್ಟು ಹೇಗೆ ಹೋಗುತ್ತೀರಿ ಎಂದು ಅಲ್ಲೂ ಮೂಲನಿವಾಸಿಗಳೇ ಅಡ್ಡ ನಿಂತಿದ್ದಾರೆ.

ಇಷ್ಟೆಲ್ಲ ಒಪ್ಪಂದಗಳ ನಡುವೆ ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುವುದು ಹೆಸರಾಗದ ಇನ್ನೊಂದು. 2002ರ ಫೆಬ್ರುವರಿ 7ರಂದು ಕ್ಯೂಬೆಕ್‌ನ ಪ್ರೀಮಿಯರ್ ಬರ್ನಾರ್ ಲಾಂಡ್ರಿ, ಪ್ರತ್ಯೇಕತಾವಾದಿ ಪಕ್ಷದ ನಾಯಕರೇ, ಕ್ರೀ ಜನರ ವಾಸ್ಕಗನಿಶ್ ಊರಿಗೆ ಹೋಗಿ ಗ್ರ್ಯಾಂಡ್ ಚೀಫ್ ಟೆಡ್ ಮೋಸೆಸ್ ಅವರ ಜೊತೆ ಸಹಿ ಹಾಕಿದರು. ಒಂದು ರಾಷ್ಟ್ರ ಇನ್ನೊಂದು ರಾಷ್ಟ್ರದ ಜೊತೆ ಮಾಡಿಕೊಂಡ ಒಪ್ಪಂದ ಅದು. ನೆಲದಿಂದ ಬರುವ ಆದಾಯದಲ್ಲಿ ಐವತ್ತು ವರ್ಷಗಳಲ್ಲಿ 350 ಕೋಟಿ ಡಾಲರ್ ಕ್ರೀ ಜನರಿಗೆ ಬರಬೇಕು, ಕಾಡು ಕಡಿಯುವಲ್ಲಿ ಅವರ ಮಾತು ನಡೆಯಬೇಕು. ತನ್ನನ್ನು ರಾಷ್ಟ್ರವೆಂದು ಒಪ್ಪಿ ಎಂದು ಒಟ್ಟಾವಾವನ್ನು ಕೇಳುತ್ತಿದ್ದ ಕ್ಯೂಬೆಕ್ ತಾನೇ ಇನ್ನೊಬ್ಬರನ್ನು ಹಾಗೆ ಒಪ್ಪಿತು. ಆ ಒಪ್ಪಂದ 2052ರವರೆಗೆ ಊರ್ಜಿತದಲ್ಲಿದೆ. 1982ರ ಸಂವಿಧಾನಕ್ಕೆ ಕ್ಯೂಬೆಕ್ ಇವತ್ತಿಗೂ ಸಹಿ ಹಾಕಿಲ್ಲ.